ಬೀಜದ ಗುಟ್ಟು ಮತ್ತು ಅದರ ಕಾವಲು

ನೆರೆಹೊಲದವರು ಬಂದು ಒಂದು ಬೊಗಸೆ ಬೀಜ ಕೇಳಿದರೆ ಇಲ್ಲವೆನ್ನುವ ವಾಡಿಕೆ ನಮ್ಮ ಹಳ್ಳಿಗಳಲ್ಲಿಲ್ಲ. ಬಿತ್ತನೆಯ ಕಾಲದಲ್ಲಿ ಬೀಜ ಕೊಡುವುದನ್ನು ಪುಣ್ಯವೆಂದೇ ನಮ್ಮ ಹಿರಿಯರು ಎಣಿಸುತ್ತಿದ್ದರು. ಹೀಗಿರುವಾಗ, ಹೊಲದಿಂದ ಕೆಲವು ತೆನೆ ಮುಸುಕಿನ ಜೋಳ ತೆಗೆದುಕೊಂಡು ಹೋದ ತಪ್ಪಿಗೆ ಒಬ್ಬ ಮನುಷ್ಯನಿಗೆ ಮೂರು ವರ್ಷ ಸೆರೆಮನೆಯಾಯಿತು, ಎರಡು ಜಮೀನುಗಳೂ ಸರ್ಕಾರದ ವಶಕ್ಕೆ ಹೋದವು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಇದು ಅಮೆರಿಕದ ಅಯೋವಾ ರಾಜ್ಯದಲ್ಲಿ ನಡೆದ ಸಂಗತಿ. ಅಲ್ಲಿನ ಸರ್ಕಾರ ಇದನ್ನು ಸಾಮಾನ್ಯ ಕಳವೆಂದು ಕಾಣಲಿಲ್ಲ. ವ್ಯಾಪಾರ ರಹಸ್ಯದ ಕಳವೆಂದು ಪರಿಗಣಿಸಿ, ಗೂಢಚಾರರನ್ನು ಹಿಡಿಯುವ ದಳವನ್ನೇ ಬೆನ್ನು ಹತ್ತಿಸಿತು.

ಈ ವಿಷಯ ದೂರದ ದೇಶದ್ದೆಂದು ಪುಟ ಮಗುಚಬೇಡಿ. ರಾಣೆಬೆನ್ನೂರು, ಹಾವೇರಿ, ಕೊಪ್ಪಳದ ಕಡೆಯ ಅನೇಕ ರೈತರು ಕಂಪನಿಗಳಿಗಾಗಿ ಮಿಶ್ರತಳಿ ಬೀಜ ಬೆಳೆದುಕೊಡುತ್ತಾರೆ. ಅಂಥವರ ಹೊಲದಲ್ಲಿ ಬೆಳೆಯ ಜೊತೆಗೆ ಇನ್ನೊಬ್ಬರ ಗುಟ್ಟೂ ಬೆಳೆಯುತ್ತಿರುತ್ತದೆ. ಆ ಗುಟ್ಟು ಯಾವುದು, ಅದಕ್ಕೆ ಕಾನೂನಿನ ರಕ್ಷಣೆ ಎಷ್ಟು, ಅದರಲ್ಲಿ ರೈತನ ಹೊಣೆ ಎಷ್ಟು, ಹಕ್ಕು ಎಷ್ಟು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಗುಟ್ಟು ಇರುವುದು ಎಲ್ಲಿ?

ಅಂಗಡಿಯಿಂದ ತಂದ ಮಿಶ್ರತಳಿ ಮುಸುಕಿನ ಜೋಳದ (ಗೋವಿನ ಜೋಳದ) ಚೀಲದಲ್ಲಿ ಗುಟ್ಟಿಲ್ಲವೇ ಎಂದು ನೀವು ಕೇಳಬಹುದು. ಆ ಬೀಜವನ್ನು ಯಾರು ಬೇಕಾದರೂ ಕೊಳ್ಳಬಹುದು. ಆದರೆ ಅದರಿಂದ ಬಂದ ಕಾಳನ್ನೇ ಮರುವರ್ಷ ಬಿತ್ತಿದರೆ ಏನಾಗುತ್ತದೆಂಬುದು ನಿಮ್ಮ ಅನುಭವಕ್ಕೆ ಬಂದ ಮಾತು. ಗಿಡಗಳು ಒಂದೇ ಸಮ ಬರುವುದಿಲ್ಲ; ಕೆಲವು ಎತ್ತರ, ಕೆಲವು ಗಿಡ್ಡ; ಇಳುವರಿ ಇಳಿದುಹೋಗುತ್ತದೆ. ಮಿಶ್ರತಳಿಯ ಹುರುಪು ಮೊದಲ ಪೀಳಿಗೆಯಲ್ಲಿ ಮಾತ್ರ ಪೂರ್ತಿಯಾಗಿ ಕಾಣುತ್ತದೆ.

ಆ ಹುರುಪು ಪ್ರತಿ ವರ್ಷ ಬೇಕಾದರೆ ಅದರ ತಂದೆ ತಾಯಿ ತಳಿಗಳನ್ನು ಪ್ರತಿ ವರ್ಷ ಕೂಡಿಸಬೇಕು. ಈ ಮೂಲ ತಳಿಗಳೇ ನಿಜವಾದ ಬಂಡವಾಳ. ಒಂದೇ ಗಿಡದ ಪರಾಗವನ್ನು ಅದೇ ಗಿಡದ ತೆನೆಗೆ ಸೋಕಿಸಿ, ಹೀಗೆ ಹಲವಾರು ಪೀಳಿಗೆ ನಡೆಸಿದ ಮೇಲೆ ಒಂದು ಶುದ್ಧ ತಳಿ ನಿಲ್ಲುತ್ತದೆ. ಇಂಥ ತಳಿಗಳನ್ನು ನೂರಾರು ಸಂಖ್ಯೆಯಲ್ಲಿ ಮಾಡಿ, ಒಂದನ್ನೊಂದರ ಜೊತೆ ಕೂಡಿಸಿ, ಬೇರೆ ಬೇರೆ ಕಡೆ ಬೆಳೆದು ನೋಡಿ, ಕೊನೆಗೆ ಒಂದು ಒಳ್ಳೆಯ ಜೋಡಿ ಸಿಗುತ್ತದೆ. ಒಂದು ಮೂಲ ತಳಿ ಕೈಬಿಟ್ಟು ಹೋದರೆ 5ರಿಂದ 8 ವರ್ಷಗಳ ಸಂಶೋಧನೆ ಮತ್ತು ಕನಿಷ್ಠ 3 ಕೋಟಿ ಡಾಲರ್ ನಷ್ಟವೆಂದು ಅಯೋವಾ ಪ್ರಕರಣದಲ್ಲಿ ಅಂದಾಜು ಮಾಡಲಾಗಿತ್ತು.

ಮೂಲ ತಳಿ ನೋಡಲು ಸೊರಗಿದಂತೆ ಇರುತ್ತದೆ. ಗಿಡ ಗಿಡ್ಡ, ತೆನೆ ಸಣ್ಣದು. ಮಾರುಕಟ್ಟೆಯಲ್ಲಿ ಕಾಳಿನ ಬೆಲೆಗೆ ತೂಗಿದರೆ ಅದಕ್ಕೆ ಹೆಚ್ಚೇನೂ ಸಿಗದು. ಆದರೆ ಯಾವ ಹೊಲದ ಯಾವ ಸಾಲಿನಲ್ಲಿ ಅದು ಇದೆ ಎಂದು ತಿಳಿದವನ ಕೈಗೆ ನಾಲ್ಕು ಕಾಳು ಸಿಕ್ಕರೂ ಸಾಕು, ಅವನ್ನು ಬಿತ್ತಿ ಹೆಚ್ಚಿಸಿಕೊಳ್ಳಬಹುದು. ಚಿನ್ನ ಕದ್ದರೆ ಕದ್ದಷ್ಟೇ ಉಳಿಯುತ್ತದೆ. ಬೀಜ ಕದ್ದರೆ ಅದು ಬೆಳೆಯುತ್ತದೆ.

ಅಯೋವಾದ ಹೊಲದಲ್ಲಿ ನಡೆದದ್ದು

2011ರ ಮೇ ತಿಂಗಳು. ಅಯೋವಾದ ಟಾಮಾ ಎಂಬ ಊರಿನ ಬಳಿ, ಆಗತಾನೆ ಬಿತ್ತನೆಯಾಗಿದ್ದ ಹೊಲವೊಂದರಲ್ಲಿ ಒಬ್ಬ ಅಪರಿಚಿತ ಮೊಣಕಾಲೂರಿ ಮಣ್ಣು ಕೆದಕುತ್ತಿದ್ದುದನ್ನು ಡ್ಯುಪಾಂಟ್ ಪಯೋನಿಯರ್ ಬೀಜ ಕಂಪನಿಯ ಹೊಲದ ಮೇಲ್ವಿಚಾರಕ ಕಂಡ. ಅದು ಕಂಪನಿಯ ಪ್ರಯೋಗದ ಹೊಲ. ಏನು ಮಾಡುತ್ತಿದ್ದೀರೆಂದು ಕೇಳಿದಾಗ, ತಾನು ವಿಶ್ವವಿದ್ಯಾಲಯದವನು, ಸಮ್ಮೇಳನಕ್ಕೆ ಹೊರಟವನು ಎಂಬ ಉತ್ತರ ಬಂತು. ಮೇಲ್ವಿಚಾರಕ ಫೋನಿಗೆ ಓಗೊಡುವಷ್ಟರಲ್ಲಿ ಬಂದವರು ಕಾರು ಹತ್ತಿ ರಭಸದಿಂದ ಹೊರಟುಹೋದರು. ಆದರೆ ಕಾರಿನ ನಂಬರು ಉಳಿಯಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಾಂಡುರಾಂಟ್ ಎಂಬ ಇನ್ನೊಂದು ಊರ ಬಳಿ, ತನ್ನ ಹೊಲದ ಅಂಚಿನಲ್ಲಿ ಗುರುತಿಲ್ಲದ ಜನ ಓಡಾಡುತ್ತಿದ್ದಾರೆಂದು ಒಬ್ಬ ರೈತ ಪೊಲೀಸರಿಗೆ ತಿಳಿಸಿದ. ಪೊಲೀಸ್ ಸಿಬ್ಬಂದಿ ಬಂದು ಕಾರು ನಿಲ್ಲಿಸಿ ಹೆಸರುಗಳನ್ನು ಬರೆದುಕೊಂಡರು. ಈ ಎರಡು ಎಳೆಗಳೂ ಅಮೆರಿಕದ ಕೇಂದ್ರ ತನಿಖಾ ದಳವಾದ ಎಫ್.ಬಿ.ಐ.ಗೆ ತಲುಪಿದವು. ಎರಡರಲ್ಲೂ ಮೋ ಹೈಲಾಂಗ್ ಎಂಬಾತನ ಹೆಸರು ಸೇರಿತ್ತು. ಈತ ಬೀಜಿಂಗಿನ ದಾಬೈನೊಂಗ್ ಎಂಬ ಕೃಷಿ ಕಂಪನಿಯ ನೌಕರ. ಆ ಕಂಪನಿಗೆ ಬೀಜ ಮಾರುವ ಅಂಗಸಂಸ್ಥೆಯೂ ಇತ್ತು.

ಮುಂದೆ ಒಂದು ವರ್ಷಕ್ಕೂ ಮೀರಿ ತನಿಖಾ ದಳದವರು ಈ ತಂಡದ ಹಿಂದೆ ಸದ್ದಿಲ್ಲದೆ ತಿರುಗಿದರು. ವಿದೇಶಿ ಗೂಢಚಾರರ ಮೇಲೆ ಕಣ್ಣಿಡಲು ಇರುವ ವಿಶೇಷ ಕಾನೂನಿನ ಮೇರೆಗೆ ಅನುಮತಿ ಪಡೆದು ಅವರ ಮಾತುಕತೆ ಕೇಳಿಸಿಕೊಂಡರು. ತಂಡದವರು ಅಯೋವಾದಲ್ಲೊಂದು, ಇಲಿನಾಯ್ ರಾಜ್ಯದಲ್ಲೊಂದು ಜಮೀನು ಸಂಪಾದಿಸಿಕೊಂಡಿದ್ದರು. ಪಯೋನಿಯರ್ ಮತ್ತು ಮೊನ್ಸಾಂಟೊ ಕಂಪನಿಗಳ ಬೀಜವನ್ನು ಕೂಡಿಹಾಕುತ್ತಿದ್ದರು.

2012ರ ಸೆಪ್ಟೆಂಬರ್ 30ರಂದು ತಂಡದ ಇಬ್ಬರು ಚಿಕಾಗೊ ವಿಮಾನ ನಿಲ್ದಾಣಕ್ಕೆ ಬಂದರು. ಅವರ ಸಾಮಾನು ಬಿಚ್ಚಿ ನೋಡಿದಾಗ ಪಾಪ್‌ಕಾರ್ನ್ ಪೆಟ್ಟಿಗೆಗಳು ಸಿಕ್ಕವು. ಮೇಲೆ ನಿಜವಾದ ಪಾಪ್‌ಕಾರ್ನ್ ಪೊಟ್ಟಣ, ಕೆಳಗೆ ಸಣ್ಣ ಸಣ್ಣ ಲಕೋಟೆಗಳಲ್ಲಿ ಬಿತ್ತನೆ ಬೀಜ! ಕೈ ಒರೆಸುವ ಕಾಗದದಲ್ಲಿ ಸುತ್ತಿದ ಕಾಳುಗಳೂ ಇದ್ದವು. ಅದೇ ದಿನ ಇನ್ನೊಬ್ಬ ಕೆನಡಾ ಗಡಿ ದಾಟುವಾಗ ಅವನ ಬಳಿ 44 ಚೀಲ ಬೀಜವೂ, ಹೊಲಗಳ ಮತ್ತು ಬೀಜ ಘಟಕಗಳ ನೂರಾರು ಚಿತ್ರಗಳೂ ದೊರೆತವು. ಬೀಜ ವಶಪಡಿಸಿಕೊಂಡು ಆ ಜನರನ್ನು ಅಂದು ಹೋಗಗೊಡಲಾಯಿತು.

2013ರ ಡಿಸೆಂಬರಿನಲ್ಲಿ ಮೋ ಹೈಲಾಂಗನ ಬಂಧನವಾಯಿತು. 2016ರ ಜನವರಿಯಲ್ಲಿ ಆತ ವ್ಯಾಪಾರ ರಹಸ್ಯ ಕದಿಯುವ ಸಂಚಿನಲ್ಲಿ ಪಾಲ್ಗೊಂಡುದನ್ನು ಒಪ್ಪಿಕೊಂಡ. ಅದೇ ವರ್ಷದ ಅಕ್ಟೋಬರಿನಲ್ಲಿ 36 ತಿಂಗಳ ಸೆರೆವಾಸದ ತೀರ್ಪಾಯಿತು. ಆ ಎರಡು ಜಮೀನುಗಳನ್ನೂ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಇಷ್ಟು ದೊಡ್ಡ ತನಿಖೆಗೆ ಮೊದಲ ಸುಳಿವು ಕೊಟ್ಟವರು ಯಾರು? ಒಬ್ಬ ಹೊಲದ ಮೇಲ್ವಿಚಾರಕ, ಒಬ್ಬ ರೈತ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಅಲ್ಲಿನ ಕಾನೂನು

ಈ ಕ್ರಮಕ್ಕೆ ಆಧಾರವಾದದ್ದು 1996ರಲ್ಲಿ ಅಮೆರಿಕ ಮಾಡಿದ ಆರ್ಥಿಕ ಬೇಹುಗಾರಿಕೆ ಕಾಯಿದೆ. ಇದರಲ್ಲಿ ಎರಡು ಮುಖ್ಯ ಅಪರಾಧಗಳಿವೆ. ಪರದೇಶದ ಸರ್ಕಾರಕ್ಕೋ ಅದರ ಅಂಗಸಂಸ್ಥೆಗೋ ಲಾಭವಾಗಲೆಂದು ರಹಸ್ಯ ಕದಿಯುವುದು ಆರ್ಥಿಕ ಬೇಹುಗಾರಿಕೆ. ಅದಕ್ಕೆ 15 ವರ್ಷಗಳವರೆಗೆ ಶಿಕ್ಷೆ. ಕಂಪನಿ ಕಂಪನಿಗಳ ನಡುವಿನದು ಸಾಮಾನ್ಯ ವ್ಯಾಪಾರ ರಹಸ್ಯದ ಕಳವು. ಅದಕ್ಕೆ 10 ವರ್ಷಗಳವರೆಗೆ. ಮೋ ಹೈಲಾಂಗನ ಶಿಕ್ಷೆ ಎರಡನೆಯ ಬಗೆಯದು. 2013ರಲ್ಲಿ ಬೇಹುಗಾರಿಕೆಯ ದಂಡವನ್ನು ವ್ಯಕ್ತಿಗೆ 5 ಲಕ್ಷ ಡಾಲರಿನಿಂದ 50 ಲಕ್ಷ ಡಾಲರಿಗೆ ಏರಿಸಲಾಯಿತು. 2016ರಲ್ಲಿ ಇನ್ನೊಂದು ಕಾಯಿದೆ ಬಂದು, ರಹಸ್ಯ ಕಳೆದುಕೊಂಡವರು ತಾವೇ ಕೇಂದ್ರ ನ್ಯಾಯಾಲಯಕ್ಕೆ ಹೋಗಿ ಪರಿಹಾರ ಕೇಳಲು ಅವಕಾಶವಾಯಿತು.

ಕಾನೂನಿನ ಕಣ್ಣಿನಲ್ಲಿ ಯಾವುದು ರಹಸ್ಯ? ಎರಡು ಗುರುತುಗಳನ್ನು ನೆನಪಿಡಿ. ಮೊದಲನೆಯದು, ಅದು ಎಲ್ಲರಿಗೂ ತಿಳಿಯದಿರುವುದರಿಂದಲೇ ಅದಕ್ಕೆ ಬೆಲೆ ಬಂದಿರಬೇಕು. ಎರಡನೆಯದು, ಒಡೆಯನು ಅದನ್ನು ಗುಟ್ಟಾಗಿಡಲು ತಕ್ಕ ಎಚ್ಚರ ವಹಿಸಿರಬೇಕು. ಕರಾರು, ಬೇಲಿ, ಬೀಗ, ಹೊಲಕ್ಕೆ ಹೆಸರಿನ ಬದಲು ಸಂಕೇತ ಸಂಖ್ಯೆ, ಇವೆಲ್ಲ ಅಂಥ ಎಚ್ಚರಗಳು. ಬಾಗಿಲು ತೆರೆದಿಟ್ಟು ಮಲಗಿದವನಿಗೆ ಈ ಕಾನೂನು ಹೆಚ್ಚು ನೆರವಾಗದು.

ಭತ್ತದ ಕಾಳು, ಲೆಕ್ಕದ ಸೂತ್ರ

ಗುಟ್ಟು ಮುಸುಕಿನ ಜೋಳಕ್ಕೆ ಮಾತ್ರ ಸೀಮಿತವಲ್ಲ. ಕಾನ್ಸಾಸ್ ರಾಜ್ಯದ ವೆಂಟ್ರಿಯಾ ಎಂಬ ಕಂಪನಿ, ಔಷಧಕ್ಕೆ ಬೇಕಾದ ಪ್ರೋಟೀನುಗಳನ್ನು ಕಾಳಿನಲ್ಲೇ ತಯಾರಿಸುವ ಭತ್ತದ ತಳಿಗಳನ್ನು ರೂಪಿಸಿತ್ತು. ಅಲ್ಲಿ ತಳಿ ಅಭಿವೃದ್ಧಿಯ ಕೆಲಸ ಮಾಡುತ್ತಿದ್ದ ಒಬ್ಬ ವಿಜ್ಞಾನಿ ನೂರಾರು ಕಾಳುಗಳನ್ನು ಮನೆಯಲ್ಲಿ ಇಟ್ಟುಕೊಂಡಿದ್ದ. 2013ರಲ್ಲಿ ಚೀನಾದಿಂದ ಅವನಲ್ಲಿಗೆ ಬಂದಿದ್ದ ಅತಿಥಿಗಳು ಹಿಂದಿರುಗುವಾಗ ಸುಂಕದ ಅಧಿಕಾರಿಗಳು ಸಾಮಾನು ಶೋಧಿಸಿ ಆ ಬೀಜವನ್ನು ಹಿಡಿದರು. ವಿಜ್ಞಾನಿಗೆ 2018ರಲ್ಲಿ 121 ತಿಂಗಳ ಸಜೆಯಾಯಿತು.

ಮೂರನೆಯ ಪ್ರಕರಣದಲ್ಲಿ ಬೀಜವೇ ಇಲ್ಲ. ಹೊಲದ ಮಾಹಿತಿಯಿಂದ ಯಾವ ಜಾಗಕ್ಕೆ ಎಷ್ಟು ಪೋಷಕಾಂಶ ಬೇಕೆಂದು ಗಣಕಯಂತ್ರದಲ್ಲಿ ಲೆಕ್ಕ ಹಾಕುವ ಒಂದು ಸೂತ್ರ ಮೊನ್ಸಾಂಟೊ ಮತ್ತು ಅದರ ಅಂಗಸಂಸ್ಥೆಯ ಬಳಿ ಇತ್ತು. 2017ರಲ್ಲಿ ಅಲ್ಲಿನ ವಿಜ್ಞಾನಿಯೊಬ್ಬ ಕೆಲಸ ಬಿಟ್ಟ ಮರುದಿನವೇ ಅದರ ಪ್ರತಿಯೊಂದಿಗೆ ಚೀನಾಕ್ಕೆ ಹೊರಟ. ಅಲ್ಲಿನ ಸರ್ಕಾರಿ ವಿಜ್ಞಾನ ಅಕಾಡೆಮಿಯ ಮಣ್ಣು ವಿಜ್ಞಾನ ಸಂಸ್ಥೆಗೆ ಅದು ಪ್ರಯೋಜನವಾಗಲೆಂದಿದ್ದುದರಿಂದ ಇದು ಆರ್ಥಿಕ ಬೇಹುಗಾರಿಕೆಯ ಸಂಚೆಂದೇ ಗಣನೆಯಾಯಿತು. 2022ರಲ್ಲಿ 29 ತಿಂಗಳ ಸಜೆ ಹಾಗೂ ಒಂದೂವರೆ ಲಕ್ಷ ಡಾಲರ್ ದಂಡವಾಯಿತು. ರೈತರ ಹೊಲಗಳ ಮಾಹಿತಿಯೂ ಈಗ ಬೆಲೆಯುಳ್ಳ ವಸ್ತುವಾಗಿದೆ ಎಂಬುದನ್ನು ಇದರಿಂದ ಅರಿಯಬೇಕು.

ಕಾವಲು ಎಲ್ಲೆ ಮೀರಿದರೆ

ಬೇಲಿ ಗಟ್ಟಿಯಾಗಿರಬೇಕು, ನಿಜ. ಆದರೆ ದಾರಿಹೋಕರನ್ನೆಲ್ಲ ಕಳ್ಳರೆಂದು ಕಾಣಬಾರದು. 2018ರ ನವೆಂಬರಿನಲ್ಲಿ ಅಮೆರಿಕದ ನ್ಯಾಯ ಇಲಾಖೆ ಚೀನಾ ಸಂಬಂಧದ ಇಂಥ ಪ್ರಕರಣಗಳಿಗಾಗಿಯೇ ಒಂದು ವಿಶೇಷ ಕಾರ್ಯಕ್ರಮ ಆರಂಭಿಸಿತು. ಚೀನೀ ಮೂಲದ ವಿಜ್ಞಾನಿಗಳನ್ನು ಅವರ ಮೂಲದ ಕಾರಣಕ್ಕೇ ಶಂಕಿಸಲಾಗುತ್ತಿದೆ ಎಂಬ ಆಕ್ಷೇಪಗಳು ಹೆಚ್ಚಿದವು. 2022ರ ಫೆಬ್ರವರಿಯಲ್ಲಿ ಆ ಕಾರ್ಯಕ್ರಮವನ್ನು ಮುಚ್ಚಲಾಯಿತು.

ಅದಕ್ಕೂ ಮುಂಚೆ ತಪ್ಪುಗಳಾಗಿದ್ದವು. ನದಿಗಳ ಪ್ರವಾಹವನ್ನು ಮುನ್ಸೂಚಿಸುವ ಕೆಲಸದಲ್ಲಿದ್ದ ಒಬ್ಬ ಸರ್ಕಾರಿ ಮಹಿಳಾ ವಿಜ್ಞಾನಿಯನ್ನು 2014ರಲ್ಲಿ ಬಂಧಿಸಿ, 2015ರಲ್ಲಿ ಆರೋಪಗಳನ್ನು ಕೈಬಿಡಲಾಯಿತು. ಫಿಲಡೆಲ್ಫಿಯಾದ ಭೌತಶಾಸ್ತ್ರ ಪ್ರಾಧ್ಯಾಪಕರೊಬ್ಬರ ಮೇಲೆ 2015ರ ಮೇ ತಿಂಗಳಲ್ಲಿ ಹೊರಿಸಿದ ಆರೋಪವನ್ನು ಸೆಪ್ಟೆಂಬರಿನಲ್ಲಿ ಹಿಂದಕ್ಕೆ ಪಡೆಯಲಾಯಿತು. ಅಯೋವಾ ಪ್ರಕರಣದಲ್ಲಿಯೇ ಮೋ ಹೈಲಾಂಗನ ಸೋದರಿಯನ್ನು 2014ರಲ್ಲಿ ಬಂಧಿಸಿ, 2015ರಲ್ಲಿ ಆಕೆಯ ಮೇಲಿನ ಆರೋಪ ಕೈಬಿಟ್ಟರು. ಆರೋಪ ಹೋದರೂ ಹೋದ ಮಾನ, ಕಳೆದ ಕೆಲಸ ಸುಲಭವಾಗಿ ಮರಳುವುದಿಲ್ಲ. ಮುಖ ನೋಡಿ ಅನುಮಾನಿಸುವುದು ಬೇರೆ, ಮಾಡಿದ ಕೆಲಸ ನೋಡಿ ಅನುಮಾನಿಸುವುದು ಬೇರೆ.

ನಮ್ಮ ದೇಶದಲ್ಲಿ ಹೇಗೆ?

ವ್ಯಾಪಾರ ರಹಸ್ಯಕ್ಕೆಂದೇ ಪ್ರತ್ಯೇಕ ಕಾಯಿದೆಯಿಲ್ಲದೆ ನಮ್ಮ ನ್ಯಾಯಾಲಯಗಳು ಬಹುಕಾಲ 1872ರ ಕರಾರು ಕಾಯಿದೆ ಮತ್ತು ನಂಬಿಕೆದ್ರೋಹದ ತತ್ವಗಳ ಆಧಾರದ ಮೇಲೆಯೇ ಇಂಥ ವ್ಯಾಜ್ಯಗಳನ್ನು ತೀರ್ಮಾನಿಸುತ್ತ ಬಂದಿವೆ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿಯವರ ಅಧ್ಯಕ್ಷತೆಯ ಕಾನೂನು ಆಯೋಗವು 2024ರ ಮಾರ್ಚಿನಲ್ಲಿ ತನ್ನ 289ನೆಯ ವರದಿಯಲ್ಲಿ ಇದಕ್ಕೊಂದು ಪ್ರತ್ಯೇಕ ಕಾಯಿದೆ ಬೇಕೆಂದು ಶಿಫಾರಸು ಮಾಡಿತು. ಸಾರ್ವಜನಿಕ ಹಿತಕ್ಕಾಗಿ ಮತ್ತು ಅಕ್ರಮವನ್ನು ಬಯಲಿಗೆಳೆಯುವವರಿಗಾಗಿ ಅದರಲ್ಲಿ ವಿನಾಯಿತಿ ಇರಬೇಕೆಂದೂ ಹೇಳಿತು.

ಆದರೆ ಬೀಜದ ವಿಷಯದಲ್ಲಿ ನಮ್ಮ ದಾರಿ ಅಮೆರಿಕದ ದಾರಿಯಲ್ಲ. ನಮ್ಮ ಪೇಟೆಂಟ್ ಕಾಯಿದೆಯ ಪ್ರಕಾರ ಬೀಜಕ್ಕೆ, ತಳಿಗೆ ಪೇಟೆಂಟ್ ಕೊಡುವಂತಿಲ್ಲ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ ತಳಿ ರೂಪಿಸಿದವರಿಗೂ ಹಕ್ಕಿದೆ, ರೈತನಿಗೂ ಹಕ್ಕಿದೆ. ನೋಂದಾಯಿತ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಬಹುದು. ಕಂಪನಿಯ ಮುದ್ರೆ ಹಾಕಿ ಮಾರುವಂತಿಲ್ಲ, ಅಷ್ಟೇ. ತಿಳಿಯದೆ ಆದ ತಪ್ಪಿಗೂ ಈ ಕಾಯಿದೆಯಲ್ಲಿ ರಕ್ಷಣೆಯಿದೆ.

ಈ ಹಕ್ಕು ಪರೀಕ್ಷೆಗೆ ಒಡ್ಡಿಕೊಂಡದ್ದು 2019ರಲ್ಲಿ. ತನ್ನ ನೋಂದಾಯಿತ ಆಲೂಗಡ್ಡೆ ತಳಿಯನ್ನು ಬೆಳೆದರೆಂದು ಪೆಪ್ಸಿಕೊ ಕಂಪನಿ ಗುಜರಾತಿನ ರೈತರ ಮೇಲೆ ದಾವೆ ಹೂಡಿ, ನಾಲ್ವರಿಂದ ತಲಾ ಒಂದು ಕೋಟಿ ರೂಪಾಯಿಗೂ ಮೀರಿದ ಪರಿಹಾರ ಕೇಳಿತು. ದೇಶದಾದ್ಯಂತ ವಿರೋಧ ಬಂದ ಮೇಲೆ ಅದೇ ವರ್ಷ ದಾವೆಗಳನ್ನು ಹಿಂದಕ್ಕೆ ಪಡೆಯಿತು. ತಳಿಯ ನೋಂದಣಿಯನ್ನು 2021ರಲ್ಲಿ ಪ್ರಾಧಿಕಾರ ರದ್ದುಗೊಳಿಸಿತು. 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಕಂಪನಿಯ ಪರವಾಗಿ ತೀರ್ಪಿತ್ತಿತು. ಹಕ್ಕು ಕಾಗದದ ಮೇಲೆ ಇದ್ದರೆ ಸಾಲದು, ರೈತನಿಗೆ ಅದು ತಿಳಿದಿರಬೇಕೆಂಬುದೇ ಇದರ ಪಾಠ.

ಇನ್ನು ನಮ್ಮ ನಾಡ ತಳಿಗಳ ಕಾವಲಿಗೆ 2002ರ ಜೀವವೈವಿಧ್ಯ ಕಾಯಿದೆ ಇದೆ. ವಿದೇಶಿ ವ್ಯಕ್ತಿ ಅಥವಾ ಸಂಸ್ಥೆ ಸಂಶೋಧನೆಗಾಗಿ ಇಲ್ಲವೆ ವ್ಯಾಪಾರಕ್ಕಾಗಿ ನಮ್ಮ ಸಸ್ಯ ಸಂಪತ್ತನ್ನು ಪಡೆಯಬೇಕಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಮೊದಲು ಪಡೆಯಬೇಕು.

ಎಲ್ಲ ಒಳ್ಳೆಯ ತಳಿಯೂ ಗುಟ್ಟಿನಿಂದಲೇ ಬಂದದ್ದಲ್ಲ ಎಂಬುದನ್ನೂ ಮರೆಯಬಾರದು. 1972ರಲ್ಲಿ ಧಾರವಾಡದಿಂದ ಹೊರಬಂದ ವರಲಕ್ಷ್ಮಿ ಹತ್ತಿಯನ್ನು ರೂಪಿಸಿದವರು ಡಾ. ಬಿ. ಎಚ್. ಕಟರಕಿಯವರು. ಅದರ ತಂದೆ ತಾಯಿ ತಳಿಗಳು ಲಕ್ಷ್ಮಿ ಮತ್ತು ಎಸ್.ಬಿ. 289-ಇ ಎಂಬುದು ಬಹಿರಂಗವಾಗಿಯೇ ಇತ್ತು. ನಮ್ಮ ಕಾಫಿಯ ಕಥೆಯೂ ಹಾಗೆಯೇ. ಏಳು ಕಾಫಿ ಬೀಜಗಳನ್ನು ಬಾಬಾ ಬುಡನ್ ಅವರು ಅರಬರ ನಾಡಿನಿಂದ ಕಾವಲುಗಾರರ ಕಣ್ಣು ತಪ್ಪಿಸಿ ಚಿಕ್ಕಮಗಳೂರಿನ ಬೆಟ್ಟಕ್ಕೆ ತಂದರೆಂಬ ಪ್ರತೀತಿಯನ್ನು ನಾವು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇವೆ. ಒಬ್ಬರಿಗೆ ಕಳವಾಗಿ ಕಂಡದ್ದು ಇನ್ನೊಬ್ಬರಿಗೆ ವರವಾದ ಉದಾಹರಣೆ ನಮ್ಮ ತೋಟದಲ್ಲೇ ಇದೆ. ಆದುದರಿಂದ ಯಾವುದನ್ನು ಕಾಯಬೇಕು, ಯಾವುದನ್ನು ಹಂಚಬೇಕು ಎಂಬ ವಿವೇಕ ಮುಖ್ಯ.

ಬೀಜೋತ್ಪಾದಕ ರೈತರು ಗಮನಿಸಬೇಕಾದ ಅಂಶಗಳು

1. ಕರಾರಿಗೆ ಸಹಿ ಮಾಡುವ ಮುನ್ನ ಅದನ್ನು ಕನ್ನಡದಲ್ಲಿ ಓದಿ, ಇಲ್ಲವೆ ಓದಿಸಿ ಕೇಳಿ. ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಆರ್ಗನೈಸರ್ ಬಾಯಿಮಾತಿನಲ್ಲಿ ಹೇಳಿದ್ದು ವ್ಯಾಜ್ಯದಲ್ಲಿ ಸುಲಭವಾಗಿ ನಿಲ್ಲುವುದಿಲ್ಲ.

2. ಗಂಡು ಬೀಜ, ಹೆಣ್ಣು ಬೀಜ ಎಷ್ಟೆಷ್ಟು ಬಂತು, ಎಷ್ಟು ಬಿತ್ತಿದಿರಿ, ಎಷ್ಟು ಉಳಿಯಿತು ಎಂಬ ಲೆಕ್ಕ ಬರೆದಿಡಿ. ಉಳಿದ ಬೀಜ ಹಿಂದಿರುಗಿಸಿ ರಸೀದಿ ಪಡೆಯಿರಿ. ನಾಳೆ ಬೀಜ ಹೊರಗೆ ಹೋಯಿತೆಂಬ ಮಾತು ಬಂದರೆ ಈ ಲೆಕ್ಕವೇ ನಿಮ್ಮ ಸಾಕ್ಷಿ.

3. ಮುಸುಕಿನ ಜೋಳದಲ್ಲಿ ಪರಾಗಸ್ಪರ್ಶ ಮುಗಿದೊಡನೆ ಗಂಡು ಸಾಲುಗಳನ್ನು ಕತ್ತರಿಸಿ ತೆಗೆಯಿರಿ. ಇದರಿಂದ ಬೀಜ ಬೆರೆಯುವುದೂ ತಪ್ಪುತ್ತದೆ, ಗುಟ್ಟೂ ಉಳಿಯುತ್ತದೆ.

4. ಕ್ರಾಸಿಂಗ್ ಕೆಲಸಕ್ಕೆ ಬರುವ ಕೂಲಿಯವರಿಗೂ ಹೂವು, ಕಾಯಿ, ತೆನೆಗಳನ್ನು ಹೊರಗೆ ಒಯ್ಯಬಾರದೆಂದು ಮೊದಲೇ ತಿಳಿಹೇಳಿ.

5. ಗುರುತಿಲ್ಲದವರು ಹೊಲಕ್ಕಿಳಿದರೆ ಜಗಳಕ್ಕೆ ಹೋಗಬೇಡಿ. ಯಾರು, ಯಾತಕ್ಕೆ ಬಂದಿರೆಂದು ವಿಚಾರಿಸಿ. ವಾಹನದ ನಂಬರು ಬರೆದುಕೊಳ್ಳಿ. ಕಂಪನಿಗೂ, ಅಗತ್ಯವಿದ್ದರೆ ಪೊಲೀಸ್ ಠಾಣೆಗೂ ತಿಳಿಸಿ. ಆಡುವ ಭಾಷೆ, ಮುಖಚಹರೆ ನೋಡಿ ಯಾರನ್ನೂ ಕಳ್ಳರೆನ್ನಬೇಡಿ.

6. ಹೊರದೇಶದ ಸಂಸ್ಥೆಯ ಪರವಾಗಿ ಬಂದವರು ನಿಮ್ಮ ನಾಡ ತಳಿಯ ಬೀಜ ಬೇಡಿದರೆ ಅನುಮತಿ ಪತ್ರ ತೋರಿಸಲು ಹೇಳಿ. ಗ್ರಾಮ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಸುದ್ದಿ ಮುಟ್ಟಿಸಿ.

7. ನಿಮ್ಮ ಸ್ವಂತ ಬೀಜವನ್ನು ನೆರೆಯವರಿಗೆ ಕೊಡಲು ಹಿಂಜರಿಯಬೇಡಿ. ಅದನ್ನೂ ಕೊಡಬಾರದೆಂಬ ಷರತ್ತು ಕರಾರಿನಲ್ಲಿ ಕಂಡರೆ ಸಹಿ ಮಾಡುವ ಮೊದಲು ಕೃಷಿ ಅಧಿಕಾರಿಗಳನ್ನು ಕೇಳಿ.

ಕೊನೆಯ ಮಾತು. ಒಪ್ಪಿಕೊಂಡು ಬೆಳೆದ ಇನ್ನೊಬ್ಬರ ಮೂಲ ತಳಿ ಮನೆಯಲ್ಲಿಟ್ಟ ಅಡವಿನ ಒಡವೆ ಇದ್ದಂತೆ. ಅದನ್ನು ಕಾಯುವುದು ಆಡಿದ ಮಾತಿನ ಪ್ರಶ್ನೆ. ನಿಮ್ಮ ಕಣಜದ ಬೀಜ ನಿಮ್ಮ ಹಿರಿಯರು ಬಿಟ್ಟುಹೋದ ಆಸ್ತಿ. ಅದನ್ನು ಉಳಿಸಿ ಹಂಚುವುದು ಹಕ್ಕಿನ ಪ್ರಶ್ನೆ. ಸರ್ಕಾರ ಎಷ್ಟೇ ಕಾನೂನು ಮಾಡಲಿ, ಈ ಎರಡರ ನಡುವಿನ ಬದುವನ್ನು ಹೊಲದಲ್ಲಿ ನಿಂತು ಕಾಯಬೇಕಾದವರು ನೀವೇ. ಮುಂದಿನ ಹಂಗಾಮಿನ ಕರಾರು ಕೈಗೆ ಬಂದಾಗ ಈ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಓದಿ.